ತಮ್ಮನ ಪಾಲಿನ ಆಕ್ಸಲ್

"ಇನ್ನೊಂದು ಕಲ್ಲು ಬೇಕಪಾ," ಎಂದ ಕರೀಮಸಾಬ, ಟ್ರ್ಯಾಕ್ಟರಿನ ಅಡಿಯಿಂದಲೇ. "ಈ ಜಾಕಿನ ಮ್ಯಾಲೆ ನನಗ ನಂಬಿಗಿ ಇಲ್ಲ. ಕಲ್ಲಿನ ಮ್ಯಾಲೆ ಐತಿ."

ಗುತ್ತೆಪ್ಪ ಅಂಗಳದಲ್ಲೆಲ್ಲ ಕಣ್ಣಾಡಿಸಿದ. ಚಪ್ಪಟೆಯಾದ, ಭಾರ ತಡೆಯುವಂಥ ಕಲ್ಲು ಇದ್ದದ್ದು ಒಂದೇ. ಅದು ತಮ್ಮ ಶಂಭುಲಿಂಗನ ಬಾಗಿಲ ಮುಂದೆ, ಬಟ್ಟೆ ಒಗೆಯಲು ಹಾಕಿದ್ದು. ಮನೆ ಪಾಲಾಗಿ ವಾಟ್ನಿಯಾದಾಗ ಅದು ಅವನ ಕಡೆಗೆ ಹೋಗಿತ್ತು. ಕೇಳಿದರೆ ಹೇಗೆ, ಕೇಳದಿದ್ದರೆ ಹೇಗೆ ಎಂದು ಗುತ್ತೆಪ್ಪ ಇನ್ನೂ ಮೀಸೆ ತಿರುವುತ್ತಿರುವಾಗಲೇ ಶಂಭುಲಿಂಗ ಎದ್ದು ಹೋದ. ಕಲ್ಲನ್ನು ಹೊಟ್ಟೆಗೊತ್ತಿ ಹಿಡಿದು ತಂದ, ಅಣ್ಣನ ಮುಖ ನೋಡದೆ ಅದನ್ನು ಟ್ರ್ಯಾಕ್ಟರಿನ ಕೆಳಗೆ ತಳ್ಳಿದ. ನಾಳೆಯಿಂದ ಹಂಸಭಾವಿಯಲ್ಲಿರುವವನಿಗೆ ಹಿರೇಬೆಂಡಿಗೇರಿಯ ಕಲ್ಲು ಇದ್ದರೆಷ್ಟು, ಬಿಟ್ಟರೆಷ್ಟು ಎಂದು ಗುತ್ತೆಪ್ಪನ ಬಾಯಿ ಕಹಿಯಾಯಿತು.

ಹಂಸಭಾವಿಯಲ್ಲಿದ್ದ ಶಂಭುಲಿಂಗನ ಮಾವನಿಗೆ ಗಂಡುಮಕ್ಕಳಿರಲಿಲ್ಲ. ಅಲ್ಲಿಯ ಹೊಲ ನೋಡಿಕೊಳ್ಳಲು ಅಳಿಯ ಬರಬೇಕೆಂದು ಅವರು ಕರೆದಿದ್ದರು, ಇವನು ಹೂಂ ಅಂದಿದ್ದ. ಮನೆಯ ಸಾಮಾನು, ಹೆಂಡತಿ ಮಹಾದೇವಕ್ಕ, ಒಂದು ಎಮ್ಮೆ, ಎಲ್ಲ ಆಗಲೇ ಹೋಗಿಯಾಗಿತ್ತು. ಉಳಿದದ್ದು ಟ್ರ್ಯಾಕ್ಟರಿನ ಹಿಂದಿನ ಎರಡು ಆಕ್ಸಲ್ಲು, ಎರಡು ದೊಡ್ಡ ಗಾಲಿ. ಮಧ್ಯಾಹ್ನದ ಹೊತ್ತಿಗೆ ಹಿರೇಕೆರೂರಿನಿಂದ ಟೆಂಪೋ ಬರುವುದಿತ್ತು.

ಟ್ರ್ಯಾಕ್ಟರಿನ ಎಂಜಿನ್ನು ಒಬ್ಬ ಅಣ್ಣನಿಗೆ, ಆಕ್ಸಲ್ಲು ಒಬ್ಬ ತಮ್ಮನಿಗೆ! ಈ ವಾಟ್ನಿ ಶಿಗ್ಗಾಂವಿ ತಾಲೂಕಿನಲ್ಲೇ ಮೊದಲನೆಯದು ಎಂದು ಊರವರು ನಕ್ಕರು. ನಗಲಿ ಬಿಡಿ, ನಗುವಂಥದ್ದೇ. ಆದರೆ ಅದು ಆದ ರೀತಿ ನಗುವಂಥದ್ದಲ್ಲ. ಇವರ ಮನೆತನದಲ್ಲಿ ಪಾಲಾಗುವಾಗ ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ಹೊಲ, ಮನೆ, ಬಾವಿ, ಹಿತ್ತಾಳೆ ಪಾತ್ರೆ, ಎಲ್ಲವೂ ಹಾಗೆಯೇ ಸುಸೂತ್ರ ಮುಗಿದಿತ್ತು. ಕೊನೆಗೆ ಉಳಿದದ್ದು ಅಪ್ಪನ ಟ್ರ್ಯಾಕ್ಟರು. ಹಿರೇಬೆಂಡಿಗೇರಿಗೆ ಮೊಟ್ಟಮೊದಲು ಬಂದದ್ದು ಅದು. ಕೆಂಪು ಬಣ್ಣ ಮಾಸಿ ಈಗ ಇಟ್ಟಂಗಿಯ ಬಣ್ಣಕ್ಕೆ ಇಳಿದಿತ್ತು. ವರ್ಷಕ್ಕೊಮ್ಮೆ ದಸರೆಯಲ್ಲಿ ಪೂಜೆಗೆಂದು ಚಾಲೂ ಮಾಡುವುದು ಬಿಟ್ಟರೆ ಹೊಲಕ್ಕೆ ಇಳಿಯದೆ ಎಷ್ಟೋ ಕಾಲವಾಗಿತ್ತು. ಯಾರಾದರೂ ಒಬ್ಬರು ಇಟ್ಟುಕೊಳ್ಳಿರಿ ಎಂದರು ಹಿರಿಯರು. "ಅಣ್ಣ ಇಟ್ಕೊಳ್ಲಿ," ಎಂದ ಶಂಭುಲಿಂಗ. "ಅವಗ ಕೊಡ್ರಿ," ಎಂದ ಗುತ್ತೆಪ್ಪ. ಇಷ್ಟರಲ್ಲಿ ಮುಗಿಯಬಹುದಿತ್ತು. ಆದರೆ ಆಗ ಅಣ್ಣ ತಮ್ಮಂದಿರ ನಡುವೆ ಮಾತು ಬಿಟ್ಟು ಆರು ತಿಂಗಳಾಗಿತ್ತು. ಒಬ್ಬನ ಒಳ್ಳೆಯ ಮಾತೂ ಇನ್ನೊಬ್ಬನಿಗೆ ಚುಚ್ಚುವ ಕಾಲ ಅದು. ಗುತ್ತೆಪ್ಪನ ಸಿಟ್ಟು ನೆತ್ತಿಗೇರಿತು. "ಹಂಗಾರ ಪಾಲ ಮಾಡೇ ಬಿಡ್ತೇನಿ. ಇಂಜಿನ್ ಒಂದು ಪಾಲು, ಹಿಂದಿನ ಆಕ್ಸಲ್ ಗಾಲಿ ಒಂದು ಪಾಲು. ಆರಿಸ್ಕೋ ನಡಿ!" ಎಂದುಬಿಟ್ಟ.

ತಮ್ಮ ನಗುತ್ತಾನೆ ಅಂದುಕೊಂಡಿದ್ದ. ಇಲ್ಲವೇ "ಎಂಥ ಮಾತ ಆಡ್ತೀಯಣ್ಣಾ" ಎಂದು ಅಳುತ್ತಾನೆ. ಎರಡರಲ್ಲಿ ಯಾವುದಾದರೂ ಸರಿ, ಅಲ್ಲಿಗೆ ಎಲ್ಲ ಸರಿಹೋಗುತ್ತಿತ್ತು. ಆದರೆ ಶಂಭುಲಿಂಗ ನೆಲ ನೋಡುತ್ತ, "ಆಕ್ಸಲ್ ನನಗಿರ್ಲಿ," ಎಂದ. ಅಣ್ಣ ಪಾಲು ಮಾಡಿಯಾಯಿತು, ತಮ್ಮ ಆರಿಸಿಯಾಯಿತು. ಹಿರಿಯರ ಎದುರು ಆಡಿದ ಮಾತನ್ನು ತಿರುಗಿ ನುಂಗಲು ಇಬ್ಬರಿಗೂ ಬರಲಿಲ್ಲ.

ಯಾಕೆ ಆಕ್ಸಲ್ಲೇ ಬೇಕಾಯಿತು ಅವನಿಗೆ? ಗುತ್ತೆಪ್ಪ ಎಷ್ಟೋ ರಾತ್ರಿ ಹೊರಳಾಡಿ ಇದನ್ನೇ ಯೋಚಿಸಿದ್ದ. ಅಣ್ಣ ಇದನ್ನು ಇನ್ನು ಓಡಿಸಬಾರದು ಎನ್ನುವ ಹಟ ಎಂದೇ ಅವನಿಗೆ ಅನಿಸಿತು. ಕೇಳಿದವರ ಮುಂದೆ ಶಂಭುಲಿಂಗ ಮಾತ್ರ, ಆಕ್ಸಲ್ಲು ಕೊಯ್ಸಿ ಟೈರಿನ ಬಂಡಿಯೊಂದನ್ನು ಮಾಡಿಸುತ್ತೇನೆ ಎಂದು ಹೇಳುತ್ತಿದ್ದ. ಕೊಯ್ಸುತ್ತಾನಂತೆ. ಆ ಮಾತು ಕಿವಿಗೆ ಬಿದ್ದ ದಿನ ಗುತ್ತೆಪ್ಪ ಮಧ್ಯಾಹ್ನ ಉಂಡಿರಲಿಲ್ಲ.

ಸವಣೂರಿನ ಕರೀಮಸಾಬ ಬಿಟ್ಟರೆ ಈ ಗಾಡಿಯ ಹೊಟ್ಟೆ ಬಲ್ಲವರು ಬೇರೆ ಇರಲಿಲ್ಲ. ಅಪ್ಪನ ಕಾಲದಿಂದ ಕೈ ಆಡಿಸಿದವನು. ಅವನ ಮಗ ತನ್ವೀರ ಈಗ ದೊಡ್ಡ ಗ್ಯಾರೇಜು ಇಟ್ಟಿದ್ದಾನೆ, ಇಂಥ ಮುದಿ ಗಾಡಿಗಳನ್ನು ಒಳಗೇ ಬಿಡುವುದಿಲ್ಲ. ಹೀಗಾಗಿ ಮುದುಕ ಒಬ್ಬನೇ ಬೆಳಗಿನ ಬಸ್ಸಿಗೆ, ನಟ್ಟು ಬಿಚ್ಚುವ ಪಾನಾಗಳ ಚೀಲ ಹೆಗಲಿಗೇರಿಸಿ, ಕೈಯಲ್ಲಿ ಸವಣೂರಿನ ಖಾರದ ಪೊಟ್ಟಣ ಹಿಡಿದು ಬಂದಿಳಿದಿದ್ದ. ಬಂದವನೇ ಟ್ರ್ಯಾಕ್ಟರನ್ನು ಒಂದು ಸುತ್ತು ಹಾಕಿ, "ಕೂಡ್ಸಾಕ ಕರದ್ರ ಖುಷೀಲೆ ಬರ್ತಿದ್ದೆ," ಎಂದ. ಇಬ್ಬರೂ ಕೇಳಿಸದವರಂತೆ ಬೇರೆ ಬೇರೆ ದಿಕ್ಕು ನೋಡಿದರು.

"ನನಗ ಎಪ್ಪತ್ತರ ಮ್ಯಾಲಾಗ್ಯಾವ. ಕೈಯಾಳಿಲ್ಲ. ನೀವ ನನ್ನ ಕೈಯಾಳು. ಗುತ್ತೆಪ್ಪ, ನೀ ಬಲಗಡಿ ಬಾ. ಶಂಭು, ನೀ ಎಡಗಡಿ ಹೋಗು. ಮೊದಲ ಎಣ್ಣಿ ಇಳಿಸ್ರಿ."

ಎಡಗಡೆ ಎಂದ ಕೂಡಲೇ ಗುತ್ತೆಪ್ಪನ ಕಣ್ಣು ಆ ಕಡೆಗೆ ಹೋಯಿತು. ಎಡಗಡೆಯ ಮಡಗಾರ್ಡು ಶಂಭುಲಿಂಗನ ಜಾಗ. ಹನ್ನೆರಡು ವರ್ಷಕ್ಕೆ ಚಿಕ್ಕವನು, ಸಣ್ಣವನಿದ್ದಾಗ ರಂಟೆ ಹೊಡೆಯಲು ಹೊರಟರೆ ಮಡಗಾರ್ಡು ಬಿಟ್ಟು ಇಳಿಯುತ್ತಿರಲಿಲ್ಲ. ಅಲ್ಲೇ ಕೂತು ಅಣ್ಣನ ಭುಜಕ್ಕೆ ತಲೆ ಆನಿಸಿ ನಿದ್ದೆ ಹೋಗುತ್ತಿದ್ದ. ಅವನು ಬಿದ್ದಾನೆಂದು ಗುತ್ತೆಪ್ಪ ಒಂದೇ ಕೈಯಲ್ಲಿ ಸ್ಟಿಯರಿಂಗು ತಿರುವಿ, ಇನ್ನೊಂದು ಕೈಯಲ್ಲಿ ಅವನ ಚಡ್ಡಿಯ ಪಟ್ಟಿ ಹಿಡಿದು, ಸಾಲು ಡೊಂಕಾಗದಂತೆ ಹೊಲ ಮುಗಿಸುತ್ತಿದ್ದ. ಎಡಭುಜದ ಮೇಲಿನ ಆ ಬಿಸಿ ಭಾರ ಅವನಿಗೆ ಇವತ್ತಿಗೂ ನೆನಪಿತ್ತು. ಅರವತ್ತರ ಗಂಡಸು ಇಂಥದ್ದನ್ನು ಯಾರ ಮುಂದೆ ಹೇಳಿಕೊಂಡಾನು!

ಕಪ್ಪು ಎಣ್ಣೆ ಕಬ್ಬಿಣದ ಬುಟ್ಟಿಗಿಳಿಯಿತು. ಗಾಲಿಗಳು ಕಳಚಿ ಗೋಡೆಗೆ ಒರಗಿದವು. ಬಲಗಡೆಯ ಬ್ರೇಕಿನ ಡ್ರಮ್ಮು ಎರಡು ಪೆಟ್ಟಿಗೇ ಬಂತು. ಆಮೇಲೆ ಕರೀಮಸಾಬ ಆಕ್ಸಲ್ಲಿನ ಬುಡದ ಸುತ್ತಲಿನ ನಟ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಗೋಣಿಚೀಲದ ಮೇಲೆ ದುಂಡಗೆ ಇಟ್ಟ. ಗುತ್ತೆಪ್ಪ ಮೊಣಕಾಲೂರಿ ಎಳೆದ. ಬಲಗಡೆಯ ಆಕ್ಸಲ್ಲು ತಕರಾರಿಲ್ಲದೆ, ಎಣ್ಣೆ ತೊಟ್ಟಿಕ್ಕುತ್ತ, ಉದ್ದಕ್ಕೆ ಹೊರಗೆ ಬಂತು. ಅದು ಕೂತಿದ್ದ ಕೊಳವೆಯ ಬಾಯಿಯ ಸುತ್ತ ಬರಿಯ ಬೋಲ್ಟುಗಳು ಎದ್ದು ನಿಂತವು.

"ಹೇಳಪಾ ಗುತ್ತೆಪ್ಪ," ಎಂದ ಕರೀಮಸಾಬ. "ಬೋಲ್ಟಿಗೋ, ಡಬ್ಬಿಗೋ?"

ಇದು ಅಪ್ಪನ ಕಾಲದ ಪದ್ಧತಿ. ಬಿಚ್ಚಿದ್ದು ತಿರುಗಿ ಕೂಡುವುದಿದ್ದರೆ, ಸಾಮಾನು ಹೊರಬಂದ ಕೂಡಲೇ ಪ್ರತಿ ನಟ್ಟನ್ನೂ ಅದರದೇ ಬೋಲ್ಟಿಗೆ ಬೆರಳಿನಿಂದ ನಾಲ್ಕು ಸುತ್ತು ತಿರುಗಿಸಿ ಇಡಬೇಕು. ನಟ್ಟು ತನ್ನ ಬೋಲ್ಟು ಮರೆಯಬಾರದು ಎನ್ನುತ್ತಿದ್ದ ಅಪ್ಪ. ಇನ್ನು ಕೂಡುವುದೇ ಇಲ್ಲ, ಗುಜರಿಗೆ ಹೋಗುವುದೇ ಸೈ ಎಂದಾದರೆ ಮಾತ್ರ ಡಬ್ಬಿ. ಆ ಡಬ್ಬಿಗೆ ನಟ್ಟು ಬೀಳುವ ಸಪ್ಪಳ ಕೇಳಿದರೆ ಅಪ್ಪ ಮುಖ ತಿರುಗಿಸಿ ಎದ್ದು ಹೋಗುತ್ತಿದ್ದ.

ಎಡಗಡೆಯಲ್ಲಿ ಪಾನಾದ ಸಪ್ಪಳ ನಿಂತಿತು. ಶಂಭುಲಿಂಗ ಕೇಳುತ್ತಿದ್ದಾನೆ ಎಂದು ಗುತ್ತೆಪ್ಪನಿಗೆ ಗೊತ್ತಾಯಿತು. ಬೋಲ್ಟಿಗೆ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಹಾಗೆಂದರೆ ಏನರ್ಥ? ಹೋಗಬೇಡ ಎಂದಂತೆ. ತಿರುಗಿ ಬಾ ಎಂದು ಕೈಮುಗಿದಂತೆ. ಮಗಳ ಮದುವೆ ಗೊತ್ತುಮಾಡುವಾಗ ಅಣ್ಣನಿಗೆ ಒಂದು ಮಾತು ಹೇಳದವನು ಅವನು; ಆ ಸುದ್ದಿ ಗುತ್ತೆಪ್ಪನಿಗೆ ತಿಳಿದದ್ದು ಶಿಗ್ಗಾಂವಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಯಾರೋ ಹೊರಗಿನವರ ಬಾಯಿಂದ. ಮಗಳು ರಂಜನಾ ಈ ಮನೆಯ ಹುಡುಗಿ, ಗುತ್ತೆಪ್ಪನ ತೊಡೆಯ ಮೇಲೆ ಬೆಳೆದವಳು. ಅಂಥವನ ಮುಂದೆ ತಾನು ಮೊದಲು ಬಾಗಬೇಕೆ?

"ಡಬ್ಬಿಗೆ ಹಾಕು, ಕಾಕಾ."

ಕರೀಮಸಾಬ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ನಿಮ್ಮಪ್ಪ ಇದ್ದಿದ್ರ ಈ ಡಬ್ಬಿ ನನ್ನ ತಲಿ ಮ್ಯಾಲೆ ಬೀಳ್ತಿತ್ತು," ಎಂದು ಗೊಣಗಿ ಗೋಣಿಚೀಲವನ್ನು ಎತ್ತಿ ಸುರುವಿದ. ತಗಡಿನ ಡಬ್ಬಿ ಗಲಗಲ ಎಂದಿತು. ಎಡಗಡೆಯ ಪಾನಾ ತುಸು ತಡೆದು ಮತ್ತೆ ಸದ್ದು ಮಾಡತೊಡಗಿತು. ಆಡಿದ ಮಾತು ಹಿಂದಕ್ಕೆ ಬರುವಂತಿದ್ದರೆ ಗುತ್ತೆಪ್ಪ ಆಗಲೇ ಎರಡು ಎಕರೆ ಬರೆದುಕೊಡುತ್ತಿದ್ದ.

ಎಡಗಡೆಯ ಆಕ್ಸಲ್ಲು ಮಾತ್ರ ಹಟ ಹಿಡಿದು ಕೂತಿತು. ನಟ್ಟುಗಳೇನೋ ಬಂದು ಚಿಂದಿಯ ಮೇಲೆ ಸಾಲಾಗಿ ಕೂತವು. ಶಂಭುಲಿಂಗ ಎಳೆದ, ಹಾರೆ ಹಾಕಿ ಮೀಟಿದ, ಅಂಗಿ ಬೆವರಿನಲ್ಲಿ ತೊಯ್ಯಿತು. ಕರೀಮಸಾಬ ಡೀಸೆಲ್ಲು ಹನಿಸಿ ಸುತ್ತಲೂ ಸುತ್ತಿಗೆಯಿಂದ ತಟ್ಟಿದ.

"ಬರಂಗಿಲ್ಲಂತ," ಎಂದ ಶಂಭುಲಿಂಗ ಬುಸುಗುಡುತ್ತ.

"ಅದಕ್ಕರ ಶಾಣ್ಯಾತನ ಐತಲ್ಲ," ಎಂದ ಮುದುಕ. "ಒಬ್ಬರ ಕೈಲೆ ಆಗಂಗಿಲ್ಲ. ಗುತ್ತೆಪ್ಪ, ಈ ಕಡಿ ಬಾ. ನೀ ಆ ಮಗ್ಗಲ ಹಿಡಿ, ಅವ ಈ ಮಗ್ಗಲ ಹಿಡೀಲಿ. ಇಬ್ರೂ ಒಮ್ಮಿಗೇ ಜಗ್ಗಬೇಕು. ಹಿಂದ ಮುಂದ ಜಗ್ಗಿದ್ರ ಸಂಜಿತನಕ ಜಗ್ಗತೀರಿ."

ಗುತ್ತೆಪ್ಪ ಸುತ್ತಿ ಬಂದು ತಮ್ಮನ ಎದುರಿಗೆ ಕುಕ್ಕರಗಾಲಲ್ಲಿ ಕೂತ. ಇಷ್ಟು ಹತ್ತಿರದಿಂದ ಅವನನ್ನು ನೋಡಿ ಬಹಳ ದಿನವಾಗಿತ್ತು. ಕಿವಿಯ ಮೇಲೆ ಕೂದಲು ಪೂರ್ತಿ ಬೆಳ್ಳಗಾಗಿದ್ದವು. ಇವನಿಗೂ ವಯಸ್ಸಾಯಿತೇ ಎಂದು ಗುತ್ತೆಪ್ಪನಿಗೆ ಕಸಿವಿಸಿಯಾಯಿತು. ನಾಲ್ಕು ಕೈಗಳು ಆಕ್ಸಲ್ಲಿನ ತುದಿಯ ದುಂಡು ಬಿಲ್ಲೆಯನ್ನು ಹಿಡಿದವು. ಇಬ್ಬರ ಕೈಯೂ ಅಪ್ಪನ ಕೈಯ ಹಾಗೇ, ಗಿಡ್ಡ ಬೆರಳು, ಅಗಲ ಉಗುರು.

"ಲಾಭ," ಎಂದ ಶಂಭುಲಿಂಗ.

ಯೋಚಿಸಿ ಅಂದದ್ದಲ್ಲ, ಬಾಯಿಗೆ ತಾನೇ ಬಂದದ್ದು. ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅಪ್ಪ ರಾಶಿಗಷ್ಟೇ ಅಲ್ಲ, ಎಲ್ಲದಕ್ಕೂ ಹಾಗೆಯೇ ಎಣಿಸುತ್ತಿದ್ದ. ಚೀಲ ಎತ್ತುವಾಗಲೂ, ಹುಗಿದ ಬಂಡಿ ಜಗ್ಗುವಾಗಲೂ. ಮನೆಯಲ್ಲಿ ಅದೊಂದು ಆಟವೇ ಆಗಿಬಿಟ್ಟಿತ್ತು: ಸಣ್ಣವನು ಲಾಭ ಎನ್ನಬೇಕು, ದೊಡ್ಡವನು ಎಲ್ಡು ಎನ್ನಬೇಕು, ಮೂರಕ್ಕೆ ಇಬ್ಬರೂ ಕೂಡಿ ಮೈಯೆಲ್ಲ ಬಿಟ್ಟು ಎಳೆಯಬೇಕು.

"ಎಲ್ಡು," ಎಂದ ಗುತ್ತೆಪ್ಪ.

"ಮೂರು!"

ಅಲ್ಲಾಡಲಿಲ್ಲ. ಮತ್ತೆ ಲಾಭ, ಮತ್ತೆ ಎಲ್ಡು. ಒಳಗೆ ಕರ್ ಎಂದಿತು. "ಬರಾಕತ್ತೇತಿ, ಬಿಡಬ್ಯಾಡ," ಎಂದ ಗುತ್ತೆಪ್ಪ. "ನಿನ್ನ ಕಾಲ ಕಲ್ಲಿಗೆ ಒದ್ದು ಹಿಡಿಯಣ್ಣಾ," ಎಂದ ಶಂಭುಲಿಂಗ. ಅಣ್ಣಾ ಎಂಬ ಆ ಒಂದು ಶಬ್ದ ಒಂದು ವರ್ಷದ ಮೇಲೆ ಕಿವಿಗೆ ಬಿದ್ದಿತ್ತು. ಗುತ್ತೆಪ್ಪ ಕಾಲು ಒದ್ದು ಹಿಡಿದ. ಲಾಭ. ಎಲ್ಡು. ಮೂರಕ್ಕೆ ಆಕ್ಸಲ್ಲು ಒಮ್ಮೆಲೇ ಸಡಿಲಾಗಿ ಹೊರಗೆ ನುಗ್ಗಿತು. ಇಬ್ಬರೂ ಅಂಗಾತ ಬಿದ್ದರು. ಒಳಗೆ ಉಳಿದಿದ್ದ ಎಣ್ಣೆಯೆಲ್ಲ ಗುತ್ತೆಪ್ಪನ ತೊಡೆಯ ಮೇಲೆ ಸುರಿಯಿತು.

"ಅಣ್ಣಾ, ಧೋತರ ಹ್ವಾತು!" ಎಂದು ಶಂಭುಲಿಂಗ ನೆಲದ ಮೇಲೆ ಬಿದ್ದಲ್ಲೇ ನಕ್ಕ. ಸಣ್ಣವನಿದ್ದಾಗಿನ ನಗು ಅದು, ಹೊಟ್ಟೆ ಹಿಡಿದುಕೊಂಡು. ಗುತ್ತೆಪ್ಪನೂ ನಕ್ಕ. ಕರೀಮಸಾಬ ಎಲೆಯಡಿಕೆಯ ಬಾಯಿ ಮುಚ್ಚಿಕೊಂಡು ನಕ್ಕ. ಗುತ್ತೆಪ್ಪನಿಗೆ ಅಷ್ಟೊಂದು ಸುಖವಾಗಿ ಎಷ್ಟು ಕಾಲವಾಗಿತ್ತೋ. ತಾವು ಏನು ಮಾಡುತ್ತಿದ್ದೇವೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು.

ಆಮೇಲೆ ಇಬ್ಬರ ಕಣ್ಣೂ ನಡುವೆ ಬಿದ್ದಿದ್ದ ಆಕ್ಸಲ್ಲಿನ ಮೇಲೆ ಹೋಯಿತು. ನಗು ನಿಂತಿತು. ಶಂಭುಲಿಂಗ ಎದ್ದು ಬೆನ್ನ ಹಿಂದಿನ ಮಣ್ಣು ಝಾಡಿಸಿಕೊಂಡ.

ಒಳಗಿನಿಂದ ಗುತ್ತೆಪ್ಪನ ಹೆಂಡತಿ ನೀಲಾಂಬಿಕಾ ಕೂಗಿದಳು. "ಧೋತರ ಬದಲ ಮಾಡಾಕ ಬರ್ರಿ. ಚಾ ಆರಾಕತ್ತೈತಿ."

ಗುತ್ತೆಪ್ಪ ಬಚ್ಚಲಲ್ಲಿ ಕೈ ಉಜ್ಜಿಕೊಳ್ಳುತ್ತಿದ್ದಾಗ ಹೆಂಡತಿ ಬಾಗಿಲಿಗೆ ಬಂದು ನಿಂತಳು. ಅವಳ ಕೈಯಲ್ಲಿ ಬುತ್ತಿಗಂಟಿತ್ತು. ಮೈದುನ ದಾರಿಯಲ್ಲಿ ಉಣ್ಣಲೆಂದು ಬೆಳಿಗ್ಗೆಯೇ ಬಡಿದ ಕಟಕರೊಟ್ಟಿ, ಶೇಂಗಾಹಿಂಡಿ.

"ಒಂದ ಮಾತು ಅನ್ನಬಾರದೇನ್ರಿ?"

"ಅವ ಅನ್ಲಿ."

"ಅವ ಸಣ್ಣಾವ."

"ಸಣ್ಣಾವ ಆಗಿದ್ರ ಮಗಳ ಮದುವಿ ನನಗ ಹೇಳ್ದ ಗೊತ್ತ ಮಾಡ್ತಿದ್ದನೇನು?"

"ಹೇಳಾಕ ಬಂದಿದ್ದ. ನೀವು ಹಾನಗಲ್ಲ ಸಂತಿಗೆ ಹೋಗಿದ್ರಿ. ನನಗ ಹೇಳಿ ಹ್ವಾದ, ವೈನಿ ನೀವ ಹೇಳ್ಬ್ಯಾಡ್ರಿ, ನಾಳಿ ನಾನ ಬಂದು ಹೇಳ್ತೇನಿ ಅಂತ. ಅದರೊಳಗ ನೀವು ಶಿಗ್ಗಾಂವ್ಯಾಗ ಕೇಳಿ ಮನಿ ಹಾರೋಹಂಗ ಒದರಿದ್ರಿ. ನನ್ನ ಬಾಯಿ ತಗಿಯಾಕ ಬಿಟ್ರೇನು? ಮದುವಿಗೆ ಹೋಗಿ ಉಣ್ಣದ ಎದ್ದ ಬಂದಾವ್ರು ಯಾರು?"

ಗುತ್ತೆಪ್ಪನ ಕೈ ನೀರಿನಲ್ಲೇ ನಿಂತಿತು. ಇದು ಅವನಿಗೆ ಇವತ್ತಿನವರೆಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಅವನು ಯಾರಿಗೂ ಸಂದು ಕೊಟ್ಟಿರಲಿಲ್ಲ ಎನ್ನುವುದೂ ನಿಜ. ಬೇರೆ ಧೋತರ ಉಟ್ಟ. ಹೊರಗೆ ಹೋಗಿ ಅವನ ಹೆಗಲ ಮೇಲೆ ಕೈ ಹಾಕುತ್ತೇನೆ, ಇಷ್ಟೇ ಮಾಡುವುದು, ಉಳಿದದ್ದು ಕೈಯೇ ಹೇಳುತ್ತದೆ ಎಂದುಕೊಂಡ.

ಹೊರಗೆ ಬಂದರೆ ಟೆಂಪೋ ಬಂದು ನಿಂತಿತ್ತು. ಡ್ರೈವರ ಗಡಿಬಿಡಿ ಮಾಡುತ್ತಿದ್ದ. ಶಂಭುಲಿಂಗ ಒಬ್ಬನೇ ಟ್ರ್ಯಾಕ್ಟರಿನ ಎಡಗಡೆ, ಬೇಲಿಯ ಮಗ್ಗುಲಿಗೆ ಬೆನ್ನು ಬಾಗಿಸಿ ಕೂತಿದ್ದ. ಅಣ್ಣನನ್ನು ಕಂಡು ಲಗುಬಗೆಯಿಂದ ಎದ್ದು ಚಿಂದಿಯಲ್ಲಿ ಬೆರಳು ಒರೆಸಿಕೊಂಡ. ಗಾಲಿಗಳನ್ನು ಹೊರಳಿಸಿ ಹತ್ತಿಸಿದರು. ಆಕ್ಸಲ್ಲುಗಳನ್ನು ಗೋಣಿಯಲ್ಲಿ ಸುತ್ತಿ ಮಲಗಿಸಿದರು. ಎತ್ತುವಾಗ ಯಾರೂ ಎಣಿಸಲಿಲ್ಲ. ಡ್ರೈವರ ಹಾರ್ನು ಹೊಡೆದ. ಹೆಗಲ ಮೇಲೆ ಹಾಕಬೇಕೆಂದಿದ್ದ ಕೈಯಿಂದ ಗುತ್ತೆಪ್ಪ ಬುತ್ತಿಗಂಟನ್ನು ಮುಂದೆ ಹಿಡಿದ.

"ವೈನಿ ಕೊಟ್ಟಾಳ."

ಶಂಭುಲಿಂಗ ಬುತ್ತಿ ಇಸಿದುಕೊಂಡು, ಬಾಗಿ ಅಣ್ಣನ ಕಾಲು ಮುಟ್ಟಿದ. "ಬರ್ತೇನಣ್ಣಾ," ಎಂದ.

ಹೊರಡುವವರೆಲ್ಲ ಆಡುವ ಮಾತೇ ಅದು, ಅದರಲ್ಲಿ ಹೊಸದೇನಿದೆ. "ಹೂಂ," ಎಂದ ಗುತ್ತೆಪ್ಪ. ಹೂಂ ಎನ್ನುವುದರೊಳಗೆ ಟೆಂಪೋ ಊರ ಅಗಸಿಬಾಗಿಲು ದಾಟಿತ್ತು.

ಬಿಸಿಲು ಇಳಿಯುವವರೆಗೆ ಅವನು ಕಟ್ಟೆಯ ಮೇಲೇ ಕೂತಿದ್ದ. ಕರೀಮಸಾಬ ಪಾನಾಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡ, ಸವಣೂರಿನ ಬಸ್ಸಿಗೆ ಹೊತ್ತಾಯಿತೆಂದು ಎದ್ದ. ಹೋಗುವಾಗ ಹಣೆಗೆ ಕೈ ಹಚ್ಚಿ ಕಲ್ಲುಗಳ ಮೇಲೆ ಕೂತ ಟ್ರ್ಯಾಕ್ಟರನ್ನು ನೋಡಿದ. "ಎರಡೂ ಕಡಿ ಬಾಯಿಗೆ ಗೋಣಿ ತುರುಕಿ ಇಡಪಾ," ಎಂದ. "ಬಿಟ್ರ ಇಲಿ ಸಂಸಾರ ಹೂಡ್ತಾವು. ಎರಡೂ ಕಡಿ ಅಂದೆ. ಒಂದ ಕಡಿ ನೋಡಿ ಸುಮ್ಮಾಗಬ್ಯಾಡ."

ಗುತ್ತೆಪ್ಪ ಒಂದು ಹರಕು ಗೋಣಿಚೀಲ ಹುಡುಕಿ, ಹರಿದು ಎರಡು ಮಾಡಿದ. ಬಲಗಡೆಯ ಬಾಯಿಗೆ ತುರುಕಿದ. ಸುತ್ತಲಿನ ಬರಿಯ ಬೋಲ್ಟುಗಳನ್ನು ನೋಡಲಾರದೆ ಬೇಗ ಬೇಗ ಮುಗಿಸಿದ. ಇನ್ನೊಂದು ತುಂಡು ಹಿಡಿದು ಎಡಗಡೆಗೆ ಸುತ್ತಿ ಬಂದ, ಬೇಲಿ ಮತ್ತು ಟ್ರ್ಯಾಕ್ಟರಿನ ನಡುವೆ ಮಣಿದು ಕೂತ.

ಎಡಗಡೆಯ ಪ್ರತಿಯೊಂದು ಬೋಲ್ಟಿನ ಮೇಲೂ ಅದರದರ ನಟ್ಟು ಇತ್ತು. ಒಂದೂ ಬಿಟ್ಟಿರಲಿಲ್ಲ. ಬೆರಳಿನಿಂದ ನಾಲ್ಕು ಸುತ್ತು ತಿರುಗಿಸಿ, ತುಕ್ಕು ಹಿಡಿಯದಂತೆ ಮೇಲೆ ಗ್ರೀಸು ಸವರಿತ್ತು. ಗ್ರೀಸಿನ ಮೇಲೆ ಹೆಬ್ಬೆರಳಿನ ಗುರುತು ಒಂದೊಂದರಲ್ಲೂ ಅಗಲಕ್ಕೆ ಮೂಡಿತ್ತು. ಗುತ್ತೆಪ್ಪ ತನ್ನ ಹೆಬ್ಬೆರಳನ್ನು ಆ ಗುರುತಿನ ಮೇಲೆ ಇಟ್ಟ. ಆಮೇಲೆ ಮುಂಗೈಯಿಂದ ಕಣ್ಣು ಒರೆಸಿಕೊಂಡ, ಕಣ್ಣಿಗೆಲ್ಲ ಎಣ್ಣೆಯಾಯಿತು.

ಗೋಣಿಯ ತುಂಡು ಅಲ್ಲೇ ಬಿತ್ತು. ಅವನು ಎದ್ದು ಡಬ್ಬಿ ತಂದು ಬಲಗಡೆ ನೆಲಕ್ಕೆ ಕೂತ, ತುರುಕಿದ್ದ ಗೋಣಿಯನ್ನು ಎಳೆದು ತೆಗೆದ, ನಟ್ಟುಗಳನ್ನು ಧೋತರದ ಮಡಿಲಿಗೆ ಸುರುವಿಕೊಂಡ. ಯಾವುದು ಯಾವ ಬೋಲ್ಟಿನದೋ ಈಗ ಹೇಳುವವರಿಲ್ಲ. ಒಂದನ್ನು ಎತ್ತಿ ಒಂದು ಬೋಲ್ಟಿಗೆ ಹಚ್ಚಿದ, ಹಿಡಿಯಲಿಲ್ಲ. ಪಕ್ಕದ್ದಕ್ಕೆ ಹಚ್ಚಿದ, ಅರ್ಧ ಸುತ್ತಿಗೆ ಬಿಗಿಯಿತು. ಮೂರನೆಯದಕ್ಕೆ ಹಚ್ಚಿದಾಗ ಬೆಣ್ಣೆಯಲ್ಲಿ ಹೋದ ಹಾಗೆ ಸರಸರ ಹೋಯಿತು. "ಲಾಭ," ಎಂದ ತನಗೆ ತಾನೇ.

"ಯಾರ ಜೋಡಿ ಮಾತಾಡಾಕತ್ತೀರಿ?" ಎಂದಳು ನೀಲಾಂಬಿಕಾ ಒಳಗಿನಿಂದ. ಕತ್ತಲಾಗುತ್ತ ಬಂದಿತ್ತು, ಅವಳು ಅಂಗಳದ ದೀಪ ಹಚ್ಚಿದಳು.

ಗುತ್ತೆಪ್ಪ ದೀಪದ ಬೆಳಕಿಗೆ ಮಡಿಲನ್ನು ಸರಿಸಿಕೊಂಡ.

"ಲಾಭ," ಎಂದ ಮತ್ತೊಮ್ಮೆ. ಮಡಿಲಿನಿಂದ ಎರಡನೆಯ ನಟ್ಟನ್ನು ಎತ್ತಿ ಅಂಗೈಯಲ್ಲಿ ಹಿಡಿದುಕೊಂಡ. ಲಾಭ ಎನ್ನುವುದು ಅವನ ಪಾಲಿನ ಮಾತಾಗಿರಲಿಲ್ಲ, ಸಣ್ಣವನದಾಗಿತ್ತು. ಎಲ್ಡು ಎನ್ನದೆ, ಎಡಗಡೆಗೆ ಕಿವಿಗೊಟ್ಟು, ಹಾಗೇ ಕೂತ.